ಬೆರಳಿನ ಗಂಟು: ವಿರಳವಾದ ಮೃದ್ವಸ್ಥಿ ಗಡ್ಡೆಯ ರೋಗನಿದಾನ

ಮೂಗಿನ ತುದಿಗೆ ಆಕಾರ ಕೊಡುವ, ಕೀಲುಗಳಲ್ಲಿ ಮೂಳೆಯ ತುದಿಗಳನ್ನು ಹೊದೆದಿರುವ, ಗಟ್ಟಿಯಾಗಿದ್ದರೂ ಬಾಗಬಲ್ಲ ಅಂಗಾಂಶವನ್ನು ಮೃದ್ವಸ್ಥಿ ಎಂದು ಕರೆಯಲಾಗುತ್ತದೆ. ಮೃದ್ವಸ್ಥಿಯ ಗಡ್ಡೆಗಳು ಸಾಮಾನ್ಯವಾಗಿ ಮೂಳೆಗಳಲ್ಲಿ ಕಂಡುಬರುತ್ತವೆ. ಆದರೆ ಬಹು ವಿರಳವಾಗಿ, ಮೂಳೆಗೆ ಅಂಟಿಕೊಳ್ಳದೆ, ಸ್ನಾಯುರಜ್ಜುಗಳ ಬಳಿಯ ಮೃದು ಅಂಗಾಂಶದಲ್ಲಿಯೂ ಇಂತಹ ಗಡ್ಡೆ ಬೆಳೆಯುವುದುಂಟು. ವೈದ್ಯಶಾಸ್ತ್ರದಲ್ಲಿ ಇದಕ್ಕೆ ‘ಸಾಫ್ಟ್ ಟಿಶ್ಯೂ ಕಾಂಡ್ರೋಮ’ ಎಂದು ಹೆಸರು. ಇದು ಕ್ಯಾನ್ಸರ್ ಅಲ್ಲ. ಆದರೂ ಸರಿಯಾಗಿ ಗುರುತಿಸದಿದ್ದಲ್ಲಿ ಕ್ಯಾನ್ಸರ್ ಎಂಬ ಭ್ರಮೆಯನ್ನು ಹುಟ್ಟಿಸಬಲ್ಲದು. ಆಗ ಉಳಿಯಬೇಕಾದ ಬೆರಳನ್ನು ಅನಗತ್ಯವಾಗಿ ಕಳೆದುಕೊಳ್ಳುವ ಪ್ರಸಂಗ ಒದಗೀತು.

ಲಕ್ಷಣಗಳು

ಈ ಗಡ್ಡೆಯು ಬಹುಮಟ್ಟಿಗೆ ಕೈ ಮತ್ತು ಪಾದಗಳಲ್ಲಿ, ಅದರಲ್ಲಿಯೂ ಕೈಬೆರಳುಗಳಲ್ಲಿ ಕಾಣಿಸಿಕೊಳ್ಳುತ್ತದೆ. 30ರಿಂದ 60 ವರ್ಷದೊಳಗಿನವರಲ್ಲಿ ಹೆಚ್ಚು. ಸಾಮಾನ್ಯವಾಗಿ ಒಂದೇ ಗಂಟು ಇದ್ದು, ನಿಧಾನವಾಗಿ ಬೆಳೆಯುತ್ತದೆ. ಗಾತ್ರವು 3 ಸೆಂಟಿಮೀಟರನ್ನು ಮೀರುವುದು ಅಪರೂಪ. ನೋವು ಇರುವುದು ಕಡಿಮೆಯಾದ್ದರಿಂದ ಅನೇಕರು ವರ್ಷಗಟ್ಟಲೆ ಅಲಕ್ಷಿಸುತ್ತಾರೆ. ಗಂಟು ದೊಡ್ಡದಾಗಿ ಬೆರಳು ಮಡಿಸಲು ಅಡ್ಡಿಯಾದಾಗ ಮಾತ್ರ ವೈದ್ಯರ ನೆನಪಾಗುತ್ತದೆ.

ಎಕ್ಸ್-ರೇ ಮತ್ತು ಸ್ಕ್ಯಾನ್

ಮೊದಲ ಪರೀಕ್ಷೆ ಎಕ್ಸ್-ರೇ. ಅನೇಕ ರೋಗಿಗಳಲ್ಲಿ ಗಡ್ಡೆಯೊಳಗೆ ಸುಣ್ಣಾಂಶವು ಚುಕ್ಕೆಗಳಂತೆ ಅಥವಾ ಉಂಗುರಗಳಂತೆ ಕಾಣುತ್ತದೆ. ಇದು ಮೃದ್ವಸ್ಥಿಯ ಸುಳಿವು. ಆದರೆ ಎಲ್ಲರಲ್ಲಿಯೂ ಇದು ಕಾಣುವುದಿಲ್ಲ. ಗಡ್ಡೆಯ ಒತ್ತಡದಿಂದ ಪಕ್ಕದ ಮೂಳೆ ತಗ್ಗಾಗಿರಬಹುದು. ಅದೊಂದರಿಂದಲೇ ಕ್ಯಾನ್ಸರ್ ಎಂದು ತೀರ್ಮಾನಿಸುವಂತಿಲ್ಲ. ಗಡ್ಡೆ ಮೂಳೆಯಿಂದ, ಕೀಲಿನಿಂದ ಬೇರೆಯಾಗಿದೆಯೇ ಎಂಬುದನ್ನು ಎಂ.ಆರ್.ಐ. ಸ್ಕ್ಯಾನ್ ತಿಳಿಸಲು ನೆರವಾಗುತ್ತದೆ.

ಗೌಟ್ ರೋಗದಲ್ಲಿ ಶೇಖರವಾಗುವ ಗಂಟು, ನೀರು ತುಂಬಿದಂತಿರುವ ಗ್ಯಾಂಗ್ಲಿಯಾನ್, ಸ್ನಾಯುರಜ್ಜುವಿನ ಪೊರೆಯ ಗಡ್ಡೆ, ಮೂಳೆಯ ಹೊರಪದರದಲ್ಲಿ ಹುಟ್ಟುವ ಮೃದ್ವಸ್ಥಿ ಗಡ್ಡೆ, ಕೀಲಿನ ಒಳಪೊರೆಯಲ್ಲಿ ಮೃದ್ವಸ್ಥಿಯ ಅನೇಕ ಗುಳಿಗೆಗಳು ಮೂಡುವ ರೋಗ — ಇವೆಲ್ಲವೂ ಹೊರನೋಟಕ್ಕೆ ಇದನ್ನೇ ಹೋಲಬಲ್ಲವು. ಆದುದರಿಂದ ಕೇವಲ ಮುಟ್ಟಿ ನೋಡಿ ನಿರ್ಧರಿಸಲಾಗದು.

ಸೂಕ್ಷ್ಮದರ್ಶಕದ ಸಾಕ್ಷ್ಯ

ಅಂತಿಮ ನಿರ್ಣಯವು ಬಯಾಪ್ಸಿ ಅಥವಾ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ಪರೀಕ್ಷೆಯಿಂದ ದೊರೆಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಪಕ್ವ ಮೃದ್ವಸ್ಥಿಯು ಪುಟ್ಟ ಪುಟ್ಟ ಗುಂಪುಗಳಾಗಿ ಕಾಣುತ್ತದೆ. ತೊಡಕಿರುವುದು ಇಲ್ಲಿಯೇ. ಕೆಲವು ಗಡ್ಡೆಗಳ ಜೀವಕೋಶಗಳು ದೊಡ್ಡವಾಗಿದ್ದು, ಎರಡೆರಡು ಕೋಶಕೇಂದ್ರಗಳಿಂದ ಕೂಡಿ, ಕ್ಯಾನ್ಸರ್ ಕೋಶಗಳನ್ನು ನೆನಪಿಸುತ್ತವೆ. ಚುಂಗ್ ಮತ್ತು ಎನ್ಜಿಂಗರ್ ಎಂಬ ರೋಗಶಾಸ್ತ್ರಜ್ಞರು 1978ರಲ್ಲಿ ಇಂತಹ 104 ಪ್ರಕರಣಗಳ ಅಧ್ಯಯನವನ್ನು ಪ್ರಕಟಿಸಿದರು. ಇಂತಹ ಅಧ್ಯಯನಗಳಿಂದ ತಿಳಿದುಬಂದ ಮುಖ್ಯ ಸಂಗತಿಯೆಂದರೆ, ಜೀವಕೋಶಗಳು ಹೀಗೆ ಕಂಡರೂ ಬೆರಳಿನ ಈ ಸಣ್ಣ ಗಡ್ಡೆ ಸೌಮ್ಯವಾಗಿಯೇ ವರ್ತಿಸುತ್ತದೆ. ಇದಕ್ಕೆ ವಿರುದ್ಧವಾಗಿ, ಮೃದು ಅಂಗಾಂಶದ ಮೃದ್ವಸ್ಥಿ ಸಂಬಂಧಿ ಕ್ಯಾನ್ಸರುಗಳು ಹೆಚ್ಚಾಗಿ ತೊಡೆಯಂತಹ ಭಾಗಗಳ ಆಳದಲ್ಲಿ, ದೊಡ್ಡ ಗಾತ್ರದಲ್ಲಿ ಕಂಡುಬರುತ್ತವೆ.

ಆದಕಾರಣ, ಗಡ್ಡೆ ಇದ್ದ ಸ್ಥಳ, ಅದರ ಗಾತ್ರ, ಎಕ್ಸ್-ರೇ ಚಿತ್ರ ಮತ್ತು ಜೀವಕೋಶಗಳ ರೂಪ — ಇವೆಲ್ಲವನ್ನೂ ಒಟ್ಟಿಗೆ ಪರಿಶೀಲಿಸಿದಾಗ ಮಾತ್ರ ರೋಗನಿದಾನ ಸರಿಯಾಗುತ್ತದೆ. ಗಾಜಿನ ಸ್ಲೈಡನ್ನು ಮಾತ್ರ ಕಂಡ ತಜ್ಞರು ಎಡವುವ ಸಂಭವವಿದೆ.

ಚಿಕಿತ್ಸೆ ಮತ್ತು ಎಚ್ಚರಿಕೆ

ಗಡ್ಡೆಯನ್ನು ಪೂರ್ಣವಾಗಿ ತೆಗೆದುಹಾಕುವ ಶಸ್ತ್ರಚಿಕಿತ್ಸೆಯೇ ಸಾಕು. ಬೆರಳನ್ನು ಕತ್ತರಿಸುವ ಅಗತ್ಯವಿರುವುದಿಲ್ಲ. ನೂರರಲ್ಲಿ ಸುಮಾರು 15ರಿಂದ 20 ಮಂದಿಯಲ್ಲಿ ಗಡ್ಡೆ ಮತ್ತೆ ಬೆಳೆಯಬಹುದಾದ್ದರಿಂದ ವೈದ್ಯರು ಹೇಳಿದ ಅವಧಿಗೆ ತಪ್ಪದೆ ತೋರಿಸಿಕೊಳ್ಳತಕ್ಕದ್ದು.

ಉದ್ಯೋಗದ ನಿಮಿತ್ತ ಊರಿಂದೂರಿಗೆ ಹೋಗುವವರು ಎಕ್ಸ್-ರೇ ಚಿತ್ರ, ಸ್ಕ್ಯಾನ್ ಮತ್ತು ಪರೀಕ್ಷಾ ವರದಿಗಳನ್ನು ಜೋಪಾನವಾಗಿರಿಸಿ, ಹೊಸ ಆಸ್ಪತ್ರೆಗೆ ಹೋಗುವಾಗ ಅವುಗಳನ್ನು ಜೊತೆಯಲ್ಲಿ ಒಯ್ಯುವುದು ಅವಶ್ಯ. ವರದಿಯಲ್ಲಿ ಕ್ಯಾನ್ಸರ್ ಎಂಬ ಸಂಶಯ ವ್ಯಕ್ತವಾದಲ್ಲಿ, ದೊಡ್ಡ ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು ಸ್ಲೈಡ್‌ಗಳನ್ನೂ ಎಕ್ಸ್-ರೇ ಚಿತ್ರಗಳನ್ನೂ ಒಟ್ಟಿಗೆ ಮತ್ತೊಬ್ಬ ತಜ್ಞರಿಗೆ ತೋರಿಸಿ ಅಭಿಪ್ರಾಯ ಪಡೆಯುವುದು ವಿವೇಕ. ಬೆಳೆಯುತ್ತಿರುವ ಯಾವ ಗಂಟನ್ನೂ ನೋವಿಲ್ಲವೆಂದು ಕಡೆಗಣಿಸಬಾರದು. ಗಂಟೆಲ್ಲವೂ ಕ್ಯಾನ್ಸರೆಂದು ಧೃತಿಗೆಡಲೂಬಾರದು.