ಮದುವೆ ಮನೆಗೆ ಬಂದ ವೈನ್: ತಪ್ಪು ಕಲ್ಪನೆ ಮತ್ತು ವಾಸ್ತವ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಮದುವೆ ಒಂದೇ ದಿನಕ್ಕೆ ಮುಗಿಯುವ ಕೆಲಸವಲ್ಲ. ಹಿಂದಿನ ಸಂಜೆ ಆರತಕ್ಷತೆ, ಬೆಳಿಗ್ಗೆ ಧಾರೆ, ಎರಡು ಮೂರು ದಿನ ಬಿಟ್ಟು ಬೀಗರೂಟ. ಧಾರೆಯ ದಿನ ಎಲೆ ತುಂಬ ಹೋಳಿಗೆ, ಪಾಯಸ. ಬೀಗರೂಟಕ್ಕೆ ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು. ಕುಡಿತ ಮಾತ್ರ ಇವುಗಳ ಸಂದಿಯಲ್ಲಿ ಎಲ್ಲೋ, ಮಂಟಪದ ಹಿಂದೆ ನಿಂತ ಕಾರಿನ ಡಿಕ್ಕಿಯಲ್ಲೋ ತೆಂಗಿನ ತೋಟದ ಪಂಪ್‌ಸೆಟ್ ಮನೆಯ ಪಕ್ಕದಲ್ಲೋ, ಹಿರಿಯರಿಗೆ ಗೊತ್ತಿದ್ದೂ ಗೊತ್ತಿಲ್ಲದಂತೆ ನಡೆದುಕೊಂಡು ಬಂದಿದೆ. ಈಗ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳು ಊರಿನ ಮದುವೆಗೆ ವೈನ್ ತರುವ ಮಾತಾಡುತ್ತಿದ್ದಾರೆ. ಮನೆಯವರೂ ‘ವೈನ್ ಆದರೆ ಪರವಾಗಿಲ್ಲ’ ಎಂದು ತಲೆಯಾಡಿಸುತ್ತಿದ್ದಾರೆ. ಆ ‘ಪರವಾಗಿಲ್ಲ’ದ ಹಿಂದೆ ಇರುವ ತಪ್ಪು ತಿಳಿವಳಿಕೆಗಳೇ ನನಗೆ ಆತಂಕ ತರುವುದು. ವೈನ್ ಕೊಡಲೇಬೇಕೆಂದೂ ಕೊಡಲೇಬಾರದೆಂದೂ ನಾನು ಹೇಳುವುದಿಲ್ಲ. ಕೊಡುವ ಮನೆ ಅದನ್ನು ಮದ್ಯವೆಂದು ಒಪ್ಪಿಕೊಂಡು, ಕಾನೂನು ತಿಳಿದು, ಅಳತೆ ಇಟ್ಟು, ಬೇಡವೆಂದವರನ್ನು ಬಲವಂತ ಮಾಡದೆ ಕೊಡಬೇಕು.

ತಪ್ಪು ಕಲ್ಪನೆ: ವೈನ್ ಅಂದರೆ ದ್ರಾಕ್ಷಿ ರಸ. ಹೆಂಗಸರೂ ಕುಡಿಯಬಹುದು, ಏನೂ ಆಗುವುದಿಲ್ಲ.

ವಾಸ್ತವ: ‘ತಗಳಿ ಭಾವ, ವೈನು ಕಣ್ರೀ, ಏನೂ ಆಗಲ್ಲ’ ಎಂದು ಉಪಚಾರ ಮಾಡುವವರು ಈ ಲೆಕ್ಕ ನೋಡಬೇಕು. ಸಾಮಾನ್ಯ ವೈನ್‌ನಲ್ಲಿ ಶೇ. 11ರಿಂದ 14ರಷ್ಟು ಮದ್ಯಸಾರ ಇರುತ್ತದೆ. ಶೇ. 12ರ ವೈನನ್ನು 150 ಮಿ.ಲೀ. ಬಗ್ಗಿಸಿದರೆ ಅದರಲ್ಲಿ 18 ಮಿ.ಲೀ. ಶುದ್ಧ ಮದ್ಯಸಾರ. ಶೇ. 42.8ರ ವಿಸ್ಕಿಯ 30 ಮಿ.ಲೀ. ಪೆಗ್‌ನಲ್ಲಿ ಇರುವುದು 13 ಮಿ.ಲೀ. ಒಳಗೆ. ಅಂದರೆ ‘ಏನೂ ಆಗದ’ ಒಂದು ಗ್ಲಾಸ್ ವೈನು ಒಂದು ಸಣ್ಣ ಪೆಗ್ಗಿಗಿಂತ ಹೆಚ್ಚು. ಸಿಹಿಯಾಗಿರುವುದರಿಂದ, ಗಂಟಲು ಸುಡದಿರುವುದರಿಂದ ಅದು ಬೇಗ ಬೇಗ ಒಳಗೆ ಹೋಗುತ್ತದೆ.

ಹೆಂಗಸರ ವಿಷಯದಲ್ಲಿ ಈ ನಂಬಿಕೆ ಪೂರ್ತಿ ತಲೆಕೆಳಗು. ಹೆಂಗಸರ ದೇಹದಲ್ಲಿ ನೀರಿನ ಅಂಶ ಗಂಡಸರಿಗಿಂತ ಕಡಿಮೆ. ಅದರಿಂದ ಅಷ್ಟೇ ವೈನು ಕುಡಿದರೂ ಅವರ ರಕ್ತದಲ್ಲಿ ಮದ್ಯಸಾರದ ಮಟ್ಟ ಹೆಚ್ಚು ಏರುತ್ತದೆ. ಬಸುರಿ ಹೆಂಗಸಿಗೆ, ‘ರಕ್ತ ಆಗುತ್ತದೆ’ ಎಂದು ಯಾರೇ ಹೇಳಲಿ, ಒಂದು ಗುಟುಕೂ ಕೊಡಬಾರದು.

ತಪ್ಪು ಕಲ್ಪನೆ: ಸ್ವಲ್ಪ ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು.

ವಾಸ್ತವ: ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ: ಆರೋಗ್ಯಕ್ಕೆ ಹಾನಿಯಿಲ್ಲ ಎನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ. ಮದ್ಯ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿದೆ, ತಂಬಾಕಿನ ಜೊತೆಗೆ. ಸಂಭ್ರಮಕ್ಕೆ ಕುಡಿಯುವವರು ಸಂಭ್ರಮಕ್ಕೆ ಎಂದೇ ಹೇಳಿ ಕುಡಿಯಲಿ, ಔಷಧದ ಹೆಸರು ಬೇಡ.

ತಪ್ಪು ಕಲ್ಪನೆ: ನಮ್ಮ ಮನೆ ಮದುವೆ, ನಮ್ಮ ದುಡ್ಡು. ಯಾರ ಅಪ್ಪಣೆಯೂ ಬೇಡ.

ವಾಸ್ತವ: ಅತಿ ಹೆಚ್ಚು ಮನೆಗಳು ಎಡವುವುದು ಇಲ್ಲೇ. ಕರ್ನಾಟಕ ಅಬಕಾರಿ ಕಾಯಿದೆ 1965ರದು. ಮಂಟಪದಲ್ಲೋ ತೋಟದಲ್ಲಿ ಹಾಕಿದ ಶಾಮಿಯಾನದಲ್ಲೋ ನೆಂಟರಿಗೆಲ್ಲ ಮದ್ಯ ಹಂಚುವ ಕಾರ್ಯಕ್ರಮ ಇಟ್ಟುಕೊಂಡರೆ ಅಬಕಾರಿ ಇಲಾಖೆಯಿಂದ ಸಾಂದರ್ಭಿಕ ಪರವಾನಗಿ ಪಡೆಯಬೇಕು. ಇಲಾಖೆಯ ಮಾತಿನಲ್ಲಿ ಅದು ಸಿಎಲ್-5. ಜಿಲ್ಲೆಯ ಅಬಕಾರಿ ಕಚೇರಿ ಇರುವುದು ಹಾಸನದಲ್ಲಿ. ಲಗ್ನಪತ್ರಿಕೆ ಅಚ್ಚಿಗೆ ಕೊಡುವ ಹೊತ್ತಿಗೇ ಅಲ್ಲಿ ವಿಚಾರಿಸಿ ಅರ್ಜಿ ಹಾಕುವುದು ವಿವೇಕ. ಈ ಪರವಾನಗಿ ಆ ಒಂದು ದಿನಕ್ಕೆ, ಆ ಒಂದು ಜಾಗಕ್ಕೆ ಮಾತ್ರ. ಬೆಂಗಳೂರಿನಿಂದ ಕಾರಿನಲ್ಲಿ ಪೆಟ್ಟಿಗೆಗಟ್ಟಲೆ ತಂದುಬಿಡೋಣ ಎನ್ನುವವರಿಗೂ ಒಂದು ಮಾತು. ಒಬ್ಬರು ತಮ್ಮ ಬಳಿ ಇಟ್ಟುಕೊಳ್ಳಬಹುದಾದ ಮದ್ಯಕ್ಕೆ ಕಾನೂನು ಮಿತಿ ಹಾಕಿದೆ. ಮದುವೆ ಪತ್ರಿಕೆ ತೋರಿಸಿದರೆ ಆ ಮಿತಿ ಹಿಗ್ಗುವುದಿಲ್ಲ.

ಪರವಾನಗಿ ಸಿಕ್ಕಿದ ಮೇಲೂ ಕ್ಯಾಲೆಂಡರ್ ನೋಡಬೇಕು. ಚುನಾವಣೆಯಿದ್ದರೆ ಮತದಾನ ಮುಗಿಯುವ ಮುಂಚಿನ 48 ಗಂಟೆ ಮದ್ಯ ಮಾರುವುದಷ್ಟೇ ಅಲ್ಲ, ಕೊಡುವುದು, ಹಂಚುವುದು ಕೂಡ ಜನಪ್ರತಿನಿಧಿ ಕಾಯಿದೆಯ ಪ್ರಕಾರ ಅಪರಾಧ, ಜಾಗ ಸಾರ್ವಜನಿಕವಾಗಿರಲಿ ಖಾಸಗಿಯಾಗಿರಲಿ. ಇದು ದೂರದ ಮಾತಲ್ಲ. ವಿಧಾನಸಭೆಗೆ ಮತದಾನ ನಡೆದದ್ದು 2023ರ ಮೇ 10ರಂದು. ಹಾಸನ ಲೋಕಸಭಾ ಕ್ಷೇತ್ರದ್ದು 2024ರ ಏಪ್ರಿಲ್ 26ರಂದು. ಎರಡೂ ನಮ್ಮ ಮದುವೆ ಸುಗ್ಗಿಯ ನಡುವೆಯೇ ಬಂದವು.

ಇನ್ನು ಮಂಟಪದ ಮಾತು. ದೇವಸ್ಥಾನ, ಮಠ, ಸಮುದಾಯದ ಟ್ರಸ್ಟ್‌ಗಳು ನಡೆಸುವ ಎಷ್ಟೋ ಮಂಟಪಗಳಲ್ಲಿ ಮಾಂಸ, ಮದ್ಯ ಎರಡಕ್ಕೂ ಜಾಗವಿಲ್ಲ. ಬಾಡಿಗೆಯ ಕರಾರಿನಲ್ಲೇ ಅದು ಬರೆದಿರುತ್ತದೆ. ಅಬಕಾರಿ ಪರವಾನಗಿ ತೋರಿಸಿ ಆ ಕರಾರು ಮುರಿಯಲು ಬರುವುದಿಲ್ಲ.

ತಪ್ಪು ಕಲ್ಪನೆ: ಮನೆಯಲ್ಲೇ ಮಾಡಿದ ವೈನ್‌ಗೆ ಕಾನೂನು ಇಲ್ಲ, ಅಮಲೂ ಇಲ್ಲ.

ವಾಸ್ತವ: ಅರಕಲಗೂಡಿನಿಂದ ಕೊಡಗಿನ ಗಡಿ ಹತ್ತಿರ. ಅಲ್ಲಿಗೆ ಹೋದವರು ಮನೆ ವೈನ್ ಬಾಟಲಿ ತರುವುದು, ಕ್ರಿಸ್‌ಮಸ್ ಹತ್ತಿರ ಬಂದಾಗ ಪರಿಚಯದ ಮನೆಗಳಲ್ಲಿ ರುಚಿ ನೋಡುವುದು ಇಲ್ಲಿ ಹೊಸದಲ್ಲ. ಅದನ್ನು ಮಾಡುವ ಬಗೆ ನೋಡಿ. ಕಪ್ಪು ದ್ರಾಕ್ಷಿ ತೊಳೆದು, ನೀರು ಆರಿಸಿ, ಭರಣಿಯಲ್ಲಿ ಕಿವುಚಿ ಹಾಕುತ್ತಾರೆ. ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ, ಚಿಟಿಕೆ ಈಸ್ಟ್ ಬೀಳುತ್ತವೆ. ಬಾಯಿಗೆ ಬಟ್ಟೆ ಕಟ್ಟಿ, ದಿನಾ ಮರದ ಸೌಟಿನಲ್ಲಿ ಕಲಕುತ್ತಾರೆ. ಎರಡನೇ ದಿನಕ್ಕೆ ದ್ರಾಕ್ಷಿ ಸಿಪ್ಪೆ ಮೇಲೆದ್ದು, ಕಿವಿ ಹತ್ತಿರ ಹಿಡಿದರೆ ಸಣ್ಣಗೆ ಸೊಯ್ಯನೆ ಸದ್ದು ಕೇಳುತ್ತದೆ. ಈಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತಿರುವ ಸದ್ದು ಅದು. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ. 1ರಷ್ಟು ಮದ್ಯಸಾರ. ಹಣ್ಣಿನ ಸಿಹಿಯ ಮೇಲೆ ಕೈತುಂಬ ಸಕ್ಕರೆ ಸುರಿದ ಭರಣಿ ಅಂಗಡಿಯ ವೈನಿನಷ್ಟೇ ಬಲವಾಗಬಹುದು. ಲೇಬಲ್ ಇಲ್ಲದ್ದರಿಂದ ಎಷ್ಟು ಬಲವೆಂಬುದು ಮಾಡಿದವರಿಗೂ ತಿಳಿಯದು.

ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದನ್ನು ಅಬಕಾರಿ ಕಾಯಿದೆ ನಿಷೇಧಿಸುತ್ತದೆ. ‘ಮನೆಯದು’ ಎಂಬ ಕಾರಣಕ್ಕೆ ನೂರಾರು ಜನರ ಮದುವೆಗೆ ಹಂಚಬಹುದು ಎಂದುಕೊಳ್ಳಬೇಡಿ. ಹುದುಗು ನಿಲ್ಲುವ ಮೊದಲೇ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿದರೆ ಒಳಗಿನ ಅನಿಲ ಗಾಜನ್ನೇ ಒಡೆಯುತ್ತದೆ ಎಂಬುದೂ ನೆನಪಿರಲಿ.

ತಪ್ಪು ಕಲ್ಪನೆ: ಕ್ರಿಶ್ಚಿಯನ್ನರ ಮದುವೆಯಲ್ಲಿ ಚರ್ಚಿನೊಳಗೇ ಎಲ್ಲರಿಗೂ ವೈನ್ ಕೊಡುತ್ತಾರೆ.

ವಾಸ್ತವ: ಹಾಸನ ಸೀಮೆಯಲ್ಲಿ ಕ್ರೈಸ್ತ ಮನೆತನಗಳು ತಲೆಮಾರುಗಳಿಂದ ಇವೆ. ಫ್ರೆಂಚ್ ಮಿಷನರಿಗಳು 1860ರ ಸುಮಾರಿಗೆ ಕಟ್ಟಿದ ಶೆಟ್ಟಿಹಳ್ಳಿಯ ರೋಸರಿ ಚರ್ಚ್, ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುತ್ತದೆ. ಅಷ್ಟು ಹಳೆಯ ನೆರೆಹೊರೆಯಾದರೂ ಅವರ ಆಚರಣೆ ನಮಗೆ ಸರಿಯಾಗಿ ತಿಳಿದಿಲ್ಲ. ಪೂಜೆಯ ವೈನ್ ಬೇರೆ, ಆರತಕ್ಷತೆಯ ವೈನ್ ಬೇರೆ. ಕ್ಯಾಥೊಲಿಕ್ ಬಲಿಪೂಜೆಗೆ ಬಳಸುವುದು ಶುದ್ಧ ದ್ರಾಕ್ಷಿಯಿಂದಾದ, ಕೆಡದ ವೈನ್. ಅದು ಸಂಸ್ಕಾರದ ಭಾಗ, ಪಾನಗೋಷ್ಠಿಗೂ ಅದಕ್ಕೂ ಸಂಬಂಧವಿಲ್ಲ. ಹಲವು ಪ್ರಾಟೆಸ್ಟೆಂಟ್ ಸಭೆಗಳು ಹುದುಗದ ದ್ರಾಕ್ಷಿ ರಸವನ್ನೇ ಬಳಸುತ್ತವೆ. ಕೇಕ್ ಕತ್ತರಿಸಿ ವಧೂವರರಿಗೆ ಶುಭ ಕೋರುತ್ತ ಎತ್ತುವ ಪುಟ್ಟ ಲೋಟ ಸಭಾಂಗಣದ್ದು. ಯೇಸು ಕಾನಾ ಊರಿನ ಮದುವೆಯಲ್ಲಿ ಆರು ಕಲ್ಲಿನ ಬಾನಿಗಳ ನೀರನ್ನು ದ್ರಾಕ್ಷಾರಸ ಮಾಡಿದ ಕಥೆ ಅಲ್ಲಿ ನೆನಪಾಗುವುದು ಸಹಜ. ಆದರೆ ಮದ್ಯವನ್ನೇ ಮುಟ್ಟದ ಕ್ರೈಸ್ತ ಮನೆಗಳೂ ಇವೆ.

ತಪ್ಪು ಕಲ್ಪನೆ: ವೈನ್ ನಮ್ಮ ನೆಲದ್ದಲ್ಲ, ಫಾರಿನ್ ಬಾಟಲಿಯೇ ಆಗಬೇಕು.

ವಾಸ್ತವ: ಕನ್ವಲ್ ಗ್ರೋವರ್ 1988ರಲ್ಲಿ ಕಂಪನಿ ಶುರುಮಾಡಿ ವೈನ್ ದ್ರಾಕ್ಷಿ ಬೆಳೆಸಿದ್ದು ದೊಡ್ಡಬಳ್ಳಾಪುರದ ಬಳಿ, ನಂದಿ ಬೆಟ್ಟದ ಸೆರಗಿನಲ್ಲಿ. ರಾಜ್ಯ ಸರ್ಕಾರ ಸಾರಾಯಿ ನಿಲ್ಲಿಸಿದ 2007ರಲ್ಲೇ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು. ನಂದಿ ಕಣಿವೆ, ಕೃಷ್ಣಾ ಕಣಿವೆ, ಕಾವೇರಿ ಕಣಿವೆ ಎಂದು ಪ್ರದೇಶಗಳನ್ನೂ ಗುರುತಿಸಿತು. ಹಳೆಯ ಸಾಕ್ಷ್ಯ ಬೇಕಾದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ ಅರಮನೆಯ ಪಾನಗೋಷ್ಠಿಯನ್ನೂ ವರ್ಣಿಸುತ್ತದೆ.

ತಪ್ಪು ಕಲ್ಪನೆ: ಮಟನ್ ಇದ್ದರೆ ಕೆಂಪು ವೈನೇ, ಅದೂ ತಣ್ಣಗೆ ಮಾಡಬಾರದು.

ವಾಸ್ತವ: ಕೆಂಪು ವೈನನ್ನು ‘ಕೋಣೆಯ ಉಷ್ಣತೆ’ಯಲ್ಲಿ ಕೊಡಬೇಕೆಂಬ ಮಾತು ಹುಟ್ಟಿದ್ದು ಯೂರೋಪಿನ ಚಳಿ ದೇಶಗಳ ಕೋಣೆಗಳಲ್ಲಿ. ಅದಕ್ಕೆ ಹೊಂದುವುದು 16ರಿಂದ 18 ಡಿಗ್ರಿ. ಏಪ್ರಿಲ್ ಬಿಸಿಲಿನಲ್ಲಿ ಚನ್ನರಾಯಪಟ್ಟಣದ ಶಾಮಿಯಾನದ ಕೆಳಗೆ ಅದು ಎಲ್ಲಿಂದ ಬರಬೇಕು? ಬಿಸಿಯಾದ ವೈನಿನಲ್ಲಿ ಮದ್ಯಸಾರದ ಘಾಟೇ ಮುಂದಾಗಿ ಹಣ್ಣಿನ ರುಚಿ ಸಾಯುತ್ತದೆ. ಒಂದು ಬಕೆಟ್‌ನಲ್ಲಿ ಅರ್ಧ ಐಸು, ಅರ್ಧ ನೀರು, ಎರಡು ಹಿಡಿ ಕಲ್ಲುಪ್ಪು ಹಾಕಿ ಬಾಟಲಿಗಳನ್ನು ಕತ್ತಿನವರೆಗೆ ಮುಳುಗಿಸಿ. ಬಿಳಿ ವೈನಿಗೆ ಇಪ್ಪತ್ತು ನಿಮಿಷ ಸಾಕು, ಕೆಂಪಿಗೆ ಹತ್ತು. ಬರೀ ಐಸಿಗಿಂತ ಐಸು ನೀರು ಬೇಗ ತಣಿಸುತ್ತದೆ, ಏಕೆಂದರೆ ನೀರು ಬಾಟಲಿಯನ್ನು ಸುತ್ತಲೂ ಮುಟ್ಟುತ್ತದೆ.

ಊಟದ ಜೊತೆಗಿನ ಲೆಕ್ಕವೂ ಬೇರೆ. ಬ್ಯಾಡಗಿ, ಗುಂಟೂರು ಎರಡೂ ಬಿದ್ದ ಮಟನ್ ಸಾರಿಗೆ ಒಗರು ಹೆಚ್ಚಿರುವ, ಬಲವಾದ ಕೆಂಪು ವೈನ್ ಸೇರಿದರೆ ಖಾರದ ಉರಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ತುಸು ಸಿಹಿ ಉಳಿದ, ಮದ್ಯಸಾರ ಕಡಿಮೆ ಇರುವ, ತಣ್ಣನೆಯ ಶೆನಿನ್ ಬ್ಲಾಂಕ್ ಅಥವಾ ರೋಸೆ ನಮ್ಮ ಬೀಗರೂಟಕ್ಕೆ ಎಷ್ಟೋ ವಾಸಿ. ಪುಸ್ತಕದ ನಿಯಮಕ್ಕಿಂತ ನಮ್ಮ ನಾಲಿಗೆಯನ್ನು ನಂಬಬಹುದು.

ತಪ್ಪು ಕಲ್ಪನೆ: ಬೀಗರನ್ನು ಕುಡಿಸದಿದ್ದರೆ ಮರ್ಯಾದೆ ಕೊಟ್ಟಂತಾಗುವುದಿಲ್ಲ.

ವಾಸ್ತವ: ಬೀಗರೂಟದ ಜೀವಾಳ ಎರಡು ಮನೆಯವರು ಒಟ್ಟಿಗೆ ಕೂತು ಉಣ್ಣುವುದು. ಗುಂಡಿನ ಏರ್ಪಾಟು ಅದಕ್ಕೆ ಆಮೇಲೆ ಅಂಟಿಕೊಂಡದ್ದು. ನಮ್ಮ ಮದುವೆಗೆ ಶ್ರವಣಬೆಳಗೊಳದ ಕಡೆಯ ಜೈನ ಸ್ನೇಹಿತರು, ಲಿಂಗಾಯತ ನೆಂಟರು, ಪಕ್ಕದ ಬೀದಿಯ ಮುಸ್ಲಿಮರು, ಕುಡಿತ ಬಿಟ್ಟು ಕಷ್ಟಪಟ್ಟು ನಿಂತಿರುವ ಸೋದರಮಾವ, ಎಲ್ಲರೂ ಬರುತ್ತಾರೆ. ವೈನ್ ಇಡುವ ಮೇಜು ಊಟದ ಪಂಕ್ತಿಯಿಂದ ಬೇರೆಯಾಗಿರಲಿ. ಅದಕ್ಕೊಬ್ಬ ಜವಾಬ್ದಾರಿಯುಳ್ಳವನು ನಿಲ್ಲಲಿ. ಪರವಾನಗಿ ನಿಯಮದಂತೆ 21 ತುಂಬದ ಹುಡುಗರ ಕೈಗೆ ಗ್ಲಾಸು ಹೋಗದಂತೆ ನೋಡಿಕೊಳ್ಳುವುದು ಅವನ ಕೆಲಸ. ಅದೇ ಮೇಜಿನ ಮೇಲೆ ಎಳನೀರು, ಪಾನಕ, ದ್ರಾಕ್ಷಿ ರಸವೂ ಅಷ್ಟೇ ಚಂದದ ಲೋಟಗಳಲ್ಲಿ ಇದ್ದರೆ, ಕುಡಿಯದವನು ‘ಯಾಕೆ ಬೇಡ’ ಎಂಬ ಪ್ರಶ್ನೆಗೆ ಉತ್ತರ ಕೊಡುತ್ತ ನಿಲ್ಲಬೇಕಾಗುವುದಿಲ್ಲ.

ತಪ್ಪು ಕಲ್ಪನೆ: ಒಂದು ಲೋಟ ಹುಳಿ ಮಜ್ಜಿಗೆ, ಇಲ್ಲ ನಿಂಬೆರಸ ಕುಡಿದರೆ ಇಳಿಯುತ್ತದೆ, ಗಾಡಿ ಓಡಿಸಬಹುದು.

ವಾಸ್ತವ: ಇಳಿಯುವುದಿಲ್ಲ. ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮದ್ಯಸಾರವನ್ನು ಮಾತ್ರ ಕರಗಿಸುತ್ತದೆ. ಮಜ್ಜಿಗೆ, ಕಾಫಿ, ತಣ್ಣೀರು ಸ್ನಾನ ಯಾವುದೂ ಅದನ್ನು ಅವಸರ ಮಾಡಿಸಲಾರದು. ಕಾನೂನು ಹಾಕಿರುವ ಗೆರೆ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. 70 ಕೆ.ಜಿ. ತೂಕದ ಗಂಡಸಿಗೆ ಆ ಗೆರೆ ಮುಟ್ಟಲು ಒಂದು ಗ್ಲಾಸ್ ವೈನೇ ಸಾಕಾಗಬಹುದು. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಚನ್ನರಾಯಪಟ್ಟಣ, ಹಾಸನದ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ರಾತ್ರಿಯಿಡೀ ಲಾರಿ, ಬಸ್ಸು ಓಡುತ್ತಿರುತ್ತವೆ. ಮದುವೆ ಖರ್ಚಿನ ಪಟ್ಟಿಯಲ್ಲಿ ವೈನ್ ಬರೆದವರು ಅದರ ಕೆಳಗಿನ ಸಾಲಿನಲ್ಲೇ ಎರಡು ಟಿಟಿ ಗಾಡಿ, ಕುಡಿಯದ ಡ್ರೈವರ್ ಎಂದೂ ಬರೆಯಬೇಕು.

ತಪ್ಪು ಕಲ್ಪನೆ: ಕಮ್ಮಿ ಬಿದ್ದರೆ ಅವಮಾನ, ಹೆಚ್ಚೇ ತರಿಸಬೇಕು. ಉಳಿದರೆ ಹಳೆಯದಾದಷ್ಟೂ ರುಚಿ.

ವಾಸ್ತವ: 750 ಮಿ.ಲೀ. ಬಾಟಲಿಯಲ್ಲಿ 150 ಮಿ.ಲೀ. ಅಳತೆಯ ಐದು ಗ್ಲಾಸು. ನೂರು ಜನರ ಆರತಕ್ಷತೆಯಲ್ಲಿ ಐವತ್ತು ಜನ ಒಂದೊಂದು ಗ್ಲಾಸು ತೆಗೆದುಕೊಂಡರೆ ಹತ್ತು ಬಾಟಲಿ ಸಾಕು. ದಶಕಗಟ್ಟಲೆ ಇಟ್ಟು ಕುಡಿಯುವ ವೈನುಗಳು ಬಹಳ ಕಡಿಮೆ. ಅಂಗಡಿಯಲ್ಲಿ ಸಿಗುವ ಬಹುಪಾಲು ವೈನ್ ಒಂದೆರಡು ವರ್ಷದಲ್ಲಿ ಕುಡಿಯಲೆಂದೇ ಮಾಡಿದ್ದು, ಅಟ್ಟದ ಸೆಕೆಯಲ್ಲಿ ಅದು ಇನ್ನೂ ಬೇಗ ಕೆಡುತ್ತದೆ. ಮುಚ್ಚಳ ತೆಗೆದ ಬಾಟಲಿ ಫ್ರಿಜ್ಜಿನಲ್ಲಿ ಮೂರರಿಂದ ಐದು ದಿನ ತಡೆಯುತ್ತದೆ, ಆಮೇಲೆ ವಿನೆಗರ್ ದಾರಿ ಹಿಡಿಯುತ್ತದೆ. ತೆರೆಯದ ಬಾಟಲಿಗಳನ್ನು ವಾಪಸ್ ಪಡೆಯುವಂತೆ ಕೊಳ್ಳುವಾಗಲೇ ಅಂಗಡಿಯವರೊಂದಿಗೆ ಮಾತಾಡಿ ಬರೆಸಿಕೊಳ್ಳಿ. ಪರವಾನಗಿಯ ದಿನ ಕಳೆದ ಮೇಲೆ ಮಿತಿ ಮೀರಿದ ಬಾಟಲಿಗಳನ್ನು ಮನೆಯಲ್ಲಿಟ್ಟುಕೊಳ್ಳಲು ಬರುವುದಿಲ್ಲ.