ಒಂದೇ ಯಂತ್ರ, ಎರಡು ಗೆರೆಗಳು

2024ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಅಮೆರಿಕದ ಮೆಟಾ ಕಂಪನಿಯು ‘ಲಾಮಾ 3.1’ ಎಂಬ ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ಪ್ರಕಟಿಸಿತು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಸಿದ್ಧಗೊಳಿಸಲು ಗಣಕಯಂತ್ರಗಳು ಒಟ್ಟು 3.8 × 10²⁵ ಗಣನಕ್ರಿಯೆಗಳನ್ನು ನಡೆಸಬೇಕಾಯಿತೆಂದು ಕಂಪನಿಯೇ ತನ್ನ ವರದಿಯಲ್ಲಿ ತಿಳಿಸಿತು. ಇದಾದ ಕೆಲವೇ ದಿನಗಳಲ್ಲಿ, ಆಗಸ್ಟ್ 1ರಂದು, ಯೂರೋಪಿಯನ್ ಒಕ್ಕೂಟದ ಕೃತಕ ಬುದ್ಧಿಮತ್ತೆಯ ಕಾನೂನು ಜಾರಿಗೆ ಬಂದಿತು. 10²⁵ಕ್ಕಿಂತ ಹೆಚ್ಚು ಕ್ರಿಯೆಗಳಿಂದ ಸಿದ್ಧವಾದ ಮಾದರಿಯು ಇಡೀ ಸಮಾಜಕ್ಕೆ ಅಪಾಯವನ್ನು ತರಬಲ್ಲದೆಂದು ಭಾವಿಸಿ, ಅದರ ತಯಾರಕರ ಮೇಲೆ ವಿಶೇಷ ಹೊಣೆಗಳನ್ನು ಹೊರಿಸಬೇಕೆಂಬುದು ಆ ಕಾನೂನಿನ ಒಂದು ವಿಧಿ. ಅದೇ ವೇಳೆಗೆ ಅಮೆರಿಕದಲ್ಲಿ ಅಧ್ಯಕ್ಷ ಬೈಡನ್ನರು 2023ರ ಅಕ್ಟೋಬರಿನಲ್ಲಿ ಹೊರಡಿಸಿದ್ದ ಆಜ್ಞೆಯು ಚಲಾವಣೆಯಲ್ಲಿದ್ದಿತು. ಸರ್ಕಾರಕ್ಕೆ ವರದಿ ಒಪ್ಪಿಸಬೇಕಾದ ಮಾದರಿಗಳು ಯಾವುವೆಂದು ತಿಳಿಸಲು ಅದರಲ್ಲಿಯೂ ಇಂಥದೇ ಒಂದು ಗೆರೆಯನ್ನು ಎಳೆದಿದ್ದರು. ಆದರೆ ಅದು 10²⁶ರಲ್ಲಿ.

ಪರಿಣಾಮವೇನಾಯಿತು? ಅಟ್ಲಾಂಟಿಕ್ ಸಾಗರದ ಒಂದು ದಡದಲ್ಲಿ ಗೆರೆ ಮೀರಿದ ಯಂತ್ರವು ಇನ್ನೊಂದು ದಡದಲ್ಲಿ ಗೆರೆಯೊಳಗಿನ ಸಾಧುಯಂತ್ರವಾಯಿತು. ಸಾಗರವನ್ನು ದಾಟುವಾಗ ಅದರೊಳಗಿನ ಒಂದು ಅಂಕಿಯೂ ಬದಲಾಗಿರಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕೃತಕ ಬುದ್ಧಿಮತ್ತೆಗೆ ಜಗತ್ತಿನಲ್ಲೆಲ್ಲ ಒಂದೇ ಬಗೆಯ ಕಾನೂನು ಬೇಕೆಂಬ ಮಾತು ಈಚೆಗೆ ಬಹಳವಾಗಿ ಕೇಳಿಬರುತ್ತಿದೆ. ಇದು ನ್ಯಾಯಶಾಸ್ತ್ರಜ್ಞರಿಗೂ ರಾಜಕಾರಣಿಗಳಿಗೂ ಬಿಟ್ಟ ವಿಷಯ, ಭೌತವಿಜ್ಞಾನದ ಅಧ್ಯಾಪಕರಾದ ನಮಗೇಕೆ ಎಂದು ವಾಚಕರು ಕೇಳಬಹುದು. ಆದರೆ ಮೇಲಿನ ಎರಡು ಗೆರೆಗಳನ್ನು ಕಂಡಾಗ ನಮಗೆ ಹೊಳೆದುದು ಅಳತೆಯ ಪ್ರಶ್ನೆ. ಅಳತೆಯ ಪ್ರಶ್ನೆ ಬಂದಲ್ಲಿ ನಾವೂ ಒಂದು ಮಾತು ಹೇಳಲು ಅಡ್ಡಿಯಿಲ್ಲ.

ಮೊದಲು ಈ ಸಂಖ್ಯೆ ಎಲ್ಲಿಂದ ಬರುತ್ತದೆಂಬುದನ್ನು ನೋಡೋಣ. ಎರಡು ಸಂಖ್ಯೆಗಳನ್ನು ಒಮ್ಮೆ ಕೂಡುವುದು ಅಥವಾ ಒಮ್ಮೆ ಗುಣಿಸುವುದು ಒಂದು ಗಣನಕ್ರಿಯೆ. ಭಾಷೆಯ ಮಾದರಿಯೆಂದರೆ ಬಹು ದೊಡ್ಡದೊಂದು ಸಂಖ್ಯಾರಾಶಿ. ಅದರಲ್ಲಿನ ಒಂದೊಂದು ಸಂಖ್ಯೆಯನ್ನೂ ಪ್ಯಾರಾಮೀಟರ್ ಎನ್ನುವರು. ಮೇಲೆ ಹೇಳಿದ ಮಾದರಿಯಲ್ಲಿ ಇವು 40,500 ಕೋಟಿ. ಇದಕ್ಕೆ ಓದಿಸಿದ ಬರೆಹವನ್ನು ಪದಗಳಾಗಿಯೂ ಪದಗಳ ಚೂರುಗಳಾಗಿಯೂ ಒಡೆದಿರುತ್ತಾರೆ. ಈ ಚೂರುಗಳಿಗೆ ಟೋಕನ್ ಎಂದು ಹೆಸರು. ಇವು ಸುಮಾರು 15.6 ಲಕ್ಷ ಕೋಟಿ. ಪ್ರತಿಯೊಂದು ಟೋಕನನ್ನು ಓದುವಾಗಲೂ ಪ್ರತಿಯೊಂದು ಪ್ಯಾರಾಮೀಟರಿಗೆ ಸ್ಥೂಲವಾಗಿ ಒಂದು ಗುಣಾಕಾರ, ಒಂದು ಸಂಕಲನ, ಅಂದರೆ ಎರಡು ಕ್ರಿಯೆಗಳು ಬೇಕು. ಓದಿದ ಮೇಲೆ ಎಲ್ಲಿ ತಪ್ಪಾಯಿತೆಂದು ಹಿಂದಿರುಗಿ ತಿದ್ದಿಕೊಳ್ಳುವುದಕ್ಕೆ ಇದರ ಎರಡರಷ್ಟು, ಅಂದರೆ ನಾಲ್ಕು. ಒಟ್ಟಿನಲ್ಲಿ ಆರು. ಈಗ ವಾಚಕರೇ ಕಾಗದ ಪೆನ್ಸಿಲುಗಳನ್ನು ತೆಗೆದುಕೊಂಡು 6, 4.05 × 10¹¹, 1.56 × 10¹³ ಈ ಮೂರನ್ನೂ ಗುಣಿಸಿ ನೋಡಬಹುದು. 3.8 × 10²⁵ ಬರುವುದು. ಕಂಪನಿಯು ಹೇಳಿದುದೂ ಇದೇ.

ಈ ಸಂಖ್ಯೆ ಎಷ್ಟು ದೊಡ್ಡದು? ಭೂಮಿಯ ಮೇಲಿನ ಸುಮಾರು 800 ಕೋಟಿ ಜನರೂ ಊಟ ನಿದ್ರೆಗಳನ್ನು ಬಿಟ್ಟು ಸೆಕೆಂಡಿಗೊಂದು ಲೆಕ್ಕದಂತೆ ಮಾಡುತ್ತ ಕುಳಿತರೂ ಯೂರೋಪಿನ ಗೆರೆಯಾದ 10²⁵ನ್ನು ಮುಟ್ಟಲು ಸುಮಾರು ನಾಲ್ಕು ಕೋಟಿ ವರ್ಷಗಳು ಬೇಕು.

ಕಾನೂನು ಮಾಡುವವರು ಈ ಅಳತೆಯನ್ನು ಏಕೆ ಆರಿಸಿಕೊಂಡರೆಂಬುದು ಸುಲಭವಾಗಿ ತಿಳಿಯುವಂತಿದೆ. ಯಂತ್ರವು ಹುಟ್ಟುವುದಕ್ಕೆ ಮೊದಲೇ ಇದನ್ನು ಅಂದಾಜು ಮಾಡಬಹುದು. ಕೊಂಡ ಚಿಪ್ಪುಗಳ ಸಂಖ್ಯೆಯನ್ನೂ ಉರಿಸಿದ ವಿದ್ಯುತ್ತನ್ನೂ ನೋಡಿ ತಾಳೆ ಹಾಕಬಹುದು. ವಾದಕ್ಕೆ ಹೆಚ್ಚಿನ ಎಡೆಯಿರುವುದಿಲ್ಲ. ಆದರೆ ಇದು ಅಳೆಯುವುದು ಪಟ್ಟ ಶ್ರಮವನ್ನೇ ಹೊರತು ಬಂದ ಸಾಮರ್ಥ್ಯವನ್ನಲ್ಲ. ಒಲೆಗೆ ಹಾಕಿದ ಸೌದೆಯನ್ನು ತೂಗಿ ಅಡಿಗೆಯ ರುಚಿಯನ್ನು ಹೇಳಿದಂತೆ! ಮದುವೆಮನೆಯ ಒಲೆಗೂ ಒಬ್ಬಂಟಿಗನ ಒಲೆಗೂ ಇರುವ ಭೇದ ಇದರಿಂದ ತಿಳಿದೀತು. ಒಳ್ಳೆಯ ಅಡಿಗೆಯವನು ಯಾರೆಂಬುದು ತಿಳಿಯದು.

ಇದಕ್ಕೆ ನಿದರ್ಶನವು ಬೇಗನೆಯೇ ದೊರೆಯಿತು. 2024ರ ಡಿಸೆಂಬರಿನಲ್ಲಿ ಚೀನದ ಡೀಪ್‌ಸೀಕ್ ಕಂಪನಿಯು ‘ವಿ3’ ಎಂಬ ಮಾದರಿಯನ್ನು ಪ್ರಕಟಿಸಿತು. ಅದರಲ್ಲಿ 67,100 ಕೋಟಿ ಪ್ಯಾರಾಮೀಟರುಗಳಿದ್ದರೂ ಒಂದು ಟೋಕನಿಗೆ ಕೆಲಸ ಮಾಡುವುವು 3,700 ಕೋಟಿ ಮಾತ್ರ. ಉಳಿದವು ತಮ್ಮ ಸರದಿ ಬರುವವರೆಗೆ ಸುಮ್ಮನಿರುತ್ತವೆ. ಓದಿಸಿದ್ದು 14.8 ಲಕ್ಷ ಕೋಟಿ ಟೋಕನ್. ಮೊದಲಿನ ಸೂತ್ರದಂತೆಯೇ ಗುಣಿಸಿದರೆ 3.3 × 10²⁴. ಅಂದರೆ ಯೂರೋಪಿನ ಗೆರೆಯ ಮೂರರಲ್ಲೊಂದು ಭಾಗ. ಇದೇ ತಳಹದಿಯ ಮೇಲೆ ಕಟ್ಟಿದ ‘ಆರ್1’ ಎಂಬ ಮಾದರಿಯು 2025ರ ಜನವರಿಯಲ್ಲಿ ಹೊರಬಂದು, ಗಣಿತ ತರ್ಕಗಳಲ್ಲಿ ಅಮೆರಿಕದ ಮುಂಚೂಣಿಯ ಮಾದರಿಗಳಿಗೆ ಸಾಟಿಯೆನಿಸಿಕೊಂಡು ಲೋಕವನ್ನೆಲ್ಲ ಬೆರಗುಗೊಳಿಸಿತು. ಯೂರೋಪಿನವರು ಇಂಥ ಪ್ರಸಂಗವನ್ನು ಮೊದಲೇ ಊಹಿಸಿರಲಿಲ್ಲವೆಂದಲ್ಲ. ಗೆರೆಯೊಳಗಿನ ಮಾದರಿಯನ್ನೂ ಬೇರೆ ಲಕ್ಷಣಗಳನ್ನು ನೋಡಿ ಅಪಾಯದ ಪಟ್ಟಿಗೆ ಸೇರಿಸುವ ಅಧಿಕಾರವನ್ನು ಅಲ್ಲಿನ ಕಮಿಷನ್ನಿಗೆ ಕೊಟ್ಟಿದ್ದಾರೆ. ಗೆರೆಯನ್ನೇ ಸರಿಸುವ ಅಧಿಕಾರವನ್ನೂ ಕೊಟ್ಟಿದ್ದಾರೆ. ಅಮೆರಿಕದ ಆಜ್ಞೆಯಾದರೋ 2025ರ ಜನವರಿ 20ರಂದು, ಅಧ್ಯಕ್ಷರು ಬದಲಾದ ದಿನವೇ, ರದ್ದಾಗಿಹೋಯಿತು. ಆದರೂ ಅದರ 10²⁶ ಎಂಬ ಅಂಕಿ ಉಳಿದುಕೊಂಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನವು ಮಾಡಿದ ಕಾನೂನಿನಲ್ಲಿ ಅದು ಮತ್ತೆ ತಲೆಯೆತ್ತಿತು.

ಕ್ರಿಯೆಗಳನ್ನು ಎಣಿಸುವುದರಲ್ಲಿಯೂ ತೊಡಕುಂಟು. ಒಬ್ಬರು ಮಾಡಿದ ಮಾದರಿಯನ್ನು ಇನ್ನೊಬ್ಬರು ಕೊಂಡು ತಮ್ಮ ಕೆಲಸಕ್ಕೆ ತಕ್ಕಂತೆ ಮತ್ತಷ್ಟು ಓದಿಸಿದರೆ ಆ ಹೊಸ ಕ್ರಿಯೆಗಳು ಯಾರ ಲೆಕ್ಕಕ್ಕೆ? ಮೂಲದ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚಾದರೆ ತಿದ್ದಿದವರನ್ನೇ ತಯಾರಕರೆಂದು ಎಣಿಸಬೇಕೆಂದು ಯೂರೋಪಿನ ಕಮಿಷನ್ 2025ರ ಜುಲೈನಲ್ಲಿ ಸೂಚಿಸಿತು. ಮೂರರಲ್ಲೊಂದೇ ಏಕೆ, ನಾಲ್ಕರಲ್ಲೊಂದು ಏಕಾಗಬಾರದು ಎಂದರೆ ಭೌತವಿಜ್ಞಾನದಲ್ಲಿ ಉತ್ತರವಿಲ್ಲ.

ಇಲ್ಲಿ ಹಳೆಯದೊಂದು ಸಂಗತಿಯನ್ನು ನೆನೆಯುವುದು ಉಚಿತ. ನಮ್ಮ ನಾಡಿನಲ್ಲಿ ಹಿಂದೆ ಊರಿಗೊಂದು ಸೇರು, ಸಂತೆಗೊಂದು ಕೊಳಗವಿದ್ದ ಕಾಲವನ್ನು ಹಿರಿಯರು ಬಲ್ಲರು. 1956ರಲ್ಲಿ ಪಾರ್ಲಿಮೆಂಟು ತೂಕ ಅಳತೆಗಳ ಕಾನೂನನ್ನು ಮಾಡಿ ಮೆಟ್ರಿಕ್ ಪದ್ಧತಿಯನ್ನು ತಂದಿತು. ಇದರ ಮೂಲವಿರುವುದು 1875ರ ಮೇ 20ರಂದು ಪ್ಯಾರಿಸಿನಲ್ಲಿ 17 ರಾಷ್ಟ್ರಗಳು ಸಹಿ ಹಾಕಿದ ಮೀಟರ್ ಒಪ್ಪಂದದಲ್ಲಿ. ಆ ರಾಷ್ಟ್ರಗಳಲ್ಲಿ ಕೆಲವು ತಮ್ಮತಮ್ಮೊಳಗೆ ಕಾದಾಡಿ ನಾಲ್ಕು ವರ್ಷಗಳ ಮೇಲೆ ಕೆಲಕಾಲವಷ್ಟೇ ಆಗಿದ್ದಿತು. ಸುಂಕ, ಸೈನ್ಯ, ಧರ್ಮ ಯಾವುದರಲ್ಲಿಯೂ ಅವುಗಳಿಗೆ ಒಮ್ಮತವಿರಲಿಲ್ಲ. ಆದರೂ ಒಪ್ಪಂದವು ನಿಂತಿತು. ಏಕೆಂದರೆ ಬಟ್ಟೆಯ ಬೆಲೆ ಎಷ್ಟಿರಬೇಕು, ರೈಲು ಎಷ್ಟು ವೇಗವಾಗಿ ಓಡಬೇಕು ಎಂಬುದನ್ನು ಅದು ಹೇಳಲು ಹೋಗಲಿಲ್ಲ. ಮೀಟರ್ ಎಂದರೆ ಎಷ್ಟು ಎಂಬುದನ್ನು ಮಾತ್ರ ಹೇಳಿತು.

ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ರಾಷ್ಟ್ರಗಳು ಹಿಡಿದಿರುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದ ದಾರಿ. ಮೊದಲು ಧ್ಯೇಯಗಳನ್ನು ಒಪ್ಪೋಣ, ಅಳತೆ ಆಮೇಲೆ ಆಗಲಿ ಎಂಬ ಧೋರಣೆ. 2023ರ ನವೆಂಬರಿನಲ್ಲಿ ಇಂಗ್ಲೆಂಡಿನ ಬ್ಲೆಚ್ಲಿಯಲ್ಲಿ ಭಾರತ, ಚೀನ, ಅಮೆರಿಕಗಳೂ ಸೇರಿ 28 ದೇಶಗಳೂ ಯೂರೋಪಿಯನ್ ಒಕ್ಕೂಟವೂ ಒಂದು ಘೋಷಣೆಗೆ ಒಪ್ಪಿದುವು. ಅದಾದ ಹದಿನೈದು ತಿಂಗಳಿಗೆ ಪ್ಯಾರಿಸಿನಲ್ಲಿ ನಡೆದ ಸಮ್ಮೇಳನದ ಹೇಳಿಕೆಗೆ ಅಮೆರಿಕವೂ ಬ್ರಿಟನ್ನೂ ಸಹಿ ಹಾಕಲಿಲ್ಲ. ಘೋಷಣೆಗಳ ಆಯುಷ್ಯ ಇಷ್ಟೇ. ಇವುಗಳ ನಡುವೆ ಹೆಚ್ಚು ಸದ್ದಿಲ್ಲದೆ ನಡೆದ ಒಂದು ಕೆಲಸವನ್ನು ನಾವು ಹೆಚ್ಚು ಬೆಲೆಯುಳ್ಳದ್ದೆಂದು ತಿಳಿಯುತ್ತೇವೆ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯು ‘ಕೃತಕ ಬುದ್ಧಿಮತ್ತೆಯ ವ್ಯವಸ್ಥೆ’ ಎಂದರೇನೆಂಬುದಕ್ಕೆ 2019ರಲ್ಲಿ ಒಂದು ನಿರೂಪಣೆಯನ್ನು ಕೊಟ್ಟು 2023ರಲ್ಲಿ ಅದನ್ನು ತಿದ್ದಿತು. ಯೂರೋಪಿನ ಕಾನೂನು ಹೆಚ್ಚುಕಡಿಮೆ ಅದೇ ಮಾತುಗಳನ್ನು ಎತ್ತಿಕೊಂಡಿದೆ. ಯಾವ ವಸ್ತುವಿನ ಮಾತನ್ನು ಆಡುತ್ತಿದ್ದೇವೆಂಬುದಾದರೂ ಇದರಿಂದ ಒಂದಾಯಿತು.

ಎಲ್ಲವೂ ಒಂದಾಗಬೇಕೆ? ಆಗಲಾರದು; ಆಗಬೇಕಾಗಿಯೂ ಇಲ್ಲ. 2023ರ ಆಗಸ್ಟ್ 15ರಿಂದ ಜಾರಿಗೆ ಬಂದ ಚೀನದ ನಿಯಮಗಳು ಯಂತ್ರವು ಬರೆಯುವ ವಿಷಯವು ಸಮಾಜವಾದದ ಮೂಲ ಮೌಲ್ಯಗಳಿಗೆ ಅನುಗುಣವಾಗಿರಬೇಕೆಂದು ವಿಧಿಸುತ್ತವೆ. ಇದನ್ನು ಬೇರೆ ದೇಶಗಳ ಕಾನೂನಿನೊಡನೆ ಯಾವ ಅಳತೆಗೋಲಿನಿಂದ ಸರಿಹೊಂದಿಸುವುದು? ನಮ್ಮ ವೃತ್ತಿಗೆ ಹತ್ತಿರದ ಉದಾಹರಣೆಯನ್ನು ಕೊಡುವುದಾದರೆ, ತರಗತಿಯ ಗೋಡೆಗೆ ಕ್ಯಾಮರಾ ಇಟ್ಟು ವಿದ್ಯಾರ್ಥಿಗಳ ಮುಖಭಾವದಿಂದ ಯಾರು ಗಮನವಿಟ್ಟಿದ್ದಾರೆ, ಯಾರು ಬೇಸತ್ತಿದ್ದಾರೆ ಎಂದು ಅಧ್ಯಾಪಕನಿಗೆ ತಿಳಿಸುವ ಯಂತ್ರಗಳುಂಟು. ವಿದ್ಯಾಸಂಸ್ಥೆಗಳಲ್ಲಿಯೂ ಕೆಲಸದ ಸ್ಥಳಗಳಲ್ಲಿಯೂ ಹೀಗೆ ಭಾವವನ್ನು ಊಹಿಸುವುದನ್ನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನುಳಿದು, ಯೂರೋಪು 2025ರ ಫೆಬ್ರವರಿ 2ರಿಂದ ನಿಷೇಧಿಸಿದೆ. ಭಾರತವು 2025ರ ನವೆಂಬರಿನಲ್ಲಿ ಪ್ರಕಟಿಸಿದ ಮಾರ್ಗಸೂಚಿಗಳು ಸದ್ಯಕ್ಕೆ ಪ್ರತ್ಯೇಕ ಕಾನೂನು ಬೇಡ, ಇರುವ ಕಾನೂನುಗಳಿಂದಲೇ ಸಾಗಿಸಬಹುದು ಎಂಬ ನಿಲುವನ್ನು ತಳೆದುವು. ಪಾಠ ಹೇಳುವಾಗ ಮಕ್ಕಳ ಬೇಸರ ತಿಳಿಯಲು ನಮಗೆ ಯಂತ್ರ ಬೇಕಾಗಿಲ್ಲ, ಆಕಳಿಕೆ ಕೇಳಿಸುತ್ತದೆ. ಅದಿರಲಿ. ಇಂಥ ಯಂತ್ರವಿರಬೇಕೆ ಬೇಡವೆ ಎಂಬುದನ್ನು ಆಯಾ ದೇಶದ ಜನರೇ ತೀರ್ಮಾನಿಸತಕ್ಕದ್ದು. ಆದರೆ ಯಂತ್ರವು ನೂರು ಸಲ ಊಹಿಸಿದರೆ ಎಷ್ಟು ಸಲ ತಪ್ಪುತ್ತದೆ, ಕಪ್ಪು ಮೈಬಣ್ಣದ ಮಗುವಿನ ಮುಖದ ವಿಷಯದಲ್ಲಿ ಆ ತಪ್ಪು ಹೆಚ್ಚುತ್ತದೆಯೆ ಎಂಬುದು ಜನಮತದ ಪ್ರಶ್ನೆಯಲ್ಲ. ಅದನ್ನು ಅಳೆದು ನೋಡಬೇಕು. ಎಲ್ಲಿ ಅಳೆದರೂ ಉತ್ತರ ಒಂದೇ ಬರಬೇಕು.

ಇದರಲ್ಲಿ ನಮ್ಮವರ ಲಾಭನಷ್ಟವೂ ಸೇರಿದೆ. ಯಂತ್ರವು ಕೊಟ್ಟ ಉತ್ತರವು ಯೂರೋಪಿನಲ್ಲಿ ಬಳಕೆಯಾಗುವುದಾದರೆ ಅದನ್ನು ಮಾಡಿದವರು ಹೊರಗಿನ ದೇಶದವರಾದರೂ ಅಲ್ಲಿನ ಕಾನೂನು ಅನ್ವಯಿಸುತ್ತದೆ. ಉದ್ಯೋಗದ ಅರ್ಜಿಗಳನ್ನು ಜರಡಿ ಹಿಡಿಯುವುದು, ಸಾಲಕ್ಕೆ ಯೋಗ್ಯರಾರೆಂದು ಹೇಳುವುದು, ಪರೀಕ್ಷೆಯ ಅಂಕ ಕೊಡುವುದು ಇವೆಲ್ಲ ಅಲ್ಲಿ ‘ಹೆಚ್ಚು ಅಪಾಯ’ದ ವರ್ಗಕ್ಕೆ ಸೇರಿದುವು. ಜರ್ಮನಿಯ ಕಾರ್ಖಾನೆಗಾಗಿ ಬೆಂಗಳೂರಿನಲ್ಲಿ ಕುಳಿತು ಇಂಥ ತಂತ್ರಾಂಶವನ್ನು ಬರೆಯುವವರು ಅಲ್ಲಿನ ಪರೀಕ್ಷೆಗೆ ಒಳಪಡಬೇಕು. ಅದನ್ನೇ ಕೊರಿಯಕ್ಕೆ ಮಾರಿದರೆ 2026ರ ಜನವರಿಯಲ್ಲಿ ಜಾರಿಗೆ ಬಂದ ಅಲ್ಲಿನ ಕಾನೂನನ್ನೂ ನೋಡಿಕೊಳ್ಳಬೇಕು. ದೊಡ್ಡ ಕಂಪನಿಗಳು ದೇಶಕ್ಕೊಬ್ಬ ವಕೀಲನನ್ನು ಇಟ್ಟುಕೊಂಡಾವು. ಹತ್ತು ಮಂದಿ ಸೇರಿ ನಡೆಸುವ ಸಣ್ಣ ಸಂಸ್ಥೆ ಏನು ಮಾಡಬೇಕು?

ಯೂರೋಪಿಗೇ ಈಗ ತಿಳಿದುಬಂದಿರುವ ಸಂಗತಿಯೆಂದರೆ, ಕಾನೂನಿನ ಪುಟದಲ್ಲಿ ‘ಸಾಕಷ್ಟು ನಿಖರವಾಗಿರಬೇಕು’ ಎಂದು ಬರೆಯುವುದು ಸುಲಭ, ಸಾಕಷ್ಟು ಎಂದರೆ ಎಷ್ಟೆಂದು ಗೊತ್ತುಮಾಡುವುದು ಕಷ್ಟ. ಹೆಚ್ಚು ಅಪಾಯದ ಯಂತ್ರಗಳ ವಿಧಿಗಳು 2026ರ ಆಗಸ್ಟಿನಿಂದ ಅನ್ವಯಿಸಬೇಕೆಂದು ಮೊದಲು ನಿಶ್ಚಯವಾಗಿದ್ದಿತು. ಅವುಗಳಿಗೆ ಬೇಕಾದ ತಾಂತ್ರಿಕ ಮಾನಕಗಳು ಹೊತ್ತಿಗೆ ಸರಿಯಾಗಿ ಸಿದ್ಧವಾಗಲಿಲ್ಲ. 2025ರ ನವೆಂಬರಿನಲ್ಲಿ ಕಮಿಷನ್ನೇ ಆ ದಿನವನ್ನು ಮುಂದೂಡಬೇಕೆಂದೂ, ಅದನ್ನು ಮಾನಕಗಳು ಸಿದ್ಧವಾಗುವುದಕ್ಕೆ ತಳುಕು ಹಾಕಬೇಕೆಂದೂ ಪ್ರಸ್ತಾಪಿಸಿತು. ತಕ್ಕಡಿ ಬರುವ ಮೊದಲೇ ಸಂತೆಯ ದಿನ ಗೊತ್ತಾದಂತೆ!

ಪ್ರಯೋಗಶಾಲೆಯಲ್ಲಿ ನಾವು ಪ್ರತಿವರ್ಷವೂ ಕಾಣುವ ದೃಶ್ಯವೊಂದಿದೆ. ಇಬ್ಬರು ವಿದ್ಯಾರ್ಥಿಗಳು ಒಂದೇ ತಂತಿಯ ವ್ಯಾಸವನ್ನು ಎರಡು ಸ್ಕ್ರೂಗೇಜುಗಳಿಂದ ಅಳೆದು ಬೇರೆಬೇರೆ ಉತ್ತರಗಳನ್ನು ತರುತ್ತಾರೆ. ತಂತಿ ಎಂಥದು ಎಂಬ ಚರ್ಚೆಗೆ ಮೊದಲು ಉಪಕರಣಗಳ ಶೂನ್ಯದೋಷವನ್ನು ನೋಡಿಕೊಳ್ಳಿರೆಂದು ನಾವು ಅವರಿಗೆ ಹೇಳಿ ಕಳುಹಿಸುತ್ತೇವೆ. ಇಂಥದೇ ಪ್ರಯತ್ನವನ್ನು ರಾಷ್ಟ್ರಗಳೂ ಈಗ ಆರಂಭಿಸಿವೆ. 2024ರ ನವೆಂಬರಿನಲ್ಲಿ ಹತ್ತು ಸದಸ್ಯರ ಕೃತಕ ಬುದ್ಧಿಮತ್ತೆ ಸುರಕ್ಷತಾ ಸಂಸ್ಥೆಗಳ ಕೂಟವು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿತು. ಅದರ ಮೊದಲ ಕೆಲಸವಾಗಿ ಅಮೆರಿಕ, ಬ್ರಿಟನ್, ಸಿಂಗಪುರಗಳ ತಜ್ಞರ ನೇತೃತ್ವದಲ್ಲಿ ಒಂದೇ ಮಾದರಿಯನ್ನು ಜೊತೆಗೂಡಿ ಪರೀಕ್ಷಿಸಿದರು. ಪರೀಕ್ಷೆಗೆ ಒಳಗಾದುದು ಈ ಲೇಖನದ ಮೊದಲಲ್ಲಿ ಹೇಳಿದ ಲಾಮಾ ಮಾದರಿಯೇ. ಪ್ರಶ್ನೆ ಕೇಳುವ ವಿಧಾನದಲ್ಲಿ ಅಲ್ಪ ವ್ಯತ್ಯಾಸವಾದರೂ, ಯಂತ್ರವನ್ನು ನಡೆಸುವ ಏರ್ಪಾಡು ಬೇರೆಯಾದರೂ ಉತ್ತರ ಬದಲಾಗುವುದನ್ನು ಅವರು ಕಂಡರು. ಅವರಿಗೆ ಮೊದಲು ಸಿಕ್ಕಿದ್ದು ಶೂನ್ಯದೋಷ.

ತರುವಾಯ 2025ರಲ್ಲಿ ನಡೆದ ಇನ್ನೊಂದು ಜಂಟಿ ಪರೀಕ್ಷೆಯಲ್ಲಿ, ಅಪಾಯಕರವಾದ ಪ್ರಶ್ನೆಗಳಿಗೆ ಮಾದರಿಗಳು ಹೇಗೆ ಉತ್ತರಿಸುತ್ತವೆಂಬುದನ್ನು ಹತ್ತು ಭಾಷೆಗಳಲ್ಲಿ ನೋಡಿದರು. ಜಪಾನೀ, ಸ್ವಾಹಿಲಿ, ಫಾರ್ಸಿ, ಮಲಯ್ ಮುಂತಾದುವುಗಳ ಜೊತೆಗೆ ನಮ್ಮ ನೆರೆಯ ತೆಲುಗೂ ಆ ಪಟ್ಟಿಯಲ್ಲಿತ್ತು. ಕನ್ನಡವಿರಲಿಲ್ಲ. ಇಂಗ್ಲಿಷಿನಲ್ಲಿ ಕೇಳಿದಾಗ ಯಂತ್ರವು ನಿರಾಕರಿಸುವ ಸಲಹೆಯನ್ನು ಕನ್ನಡದಲ್ಲಿ ಕೇಳಿದಾಗ ಕೊಡುತ್ತದೆಯೆ, ರೈತನು ಕೀಟನಾಶಕದ ಪ್ರಮಾಣವನ್ನು ಕನ್ನಡದಲ್ಲಿ ಕೇಳಿದರೆ ಅಂಕಿ ಸರಿಯಾಗಿ ಬರುತ್ತದೆಯೆ ಎಂಬುದನ್ನು ತಿಳಿಯಬೇಕಾದರೆ ಪ್ರಶ್ನೆಗಳನ್ನು ಕನ್ನಡದಲ್ಲಿಯೇ ಬರೆಯಬೇಕು, ಉತ್ತರಗಳನ್ನು ಕನ್ನಡ ಬಲ್ಲವರೇ ತಿದ್ದಬೇಕು. ಕೆಲವು ಸಾವಿರ ಪ್ರಶ್ನೆಗಳಾದರೂ ಬೇಕಾದಾವು. ನಮ್ಮ ಕಾಲೇಜುಗಳ ವಿಜ್ಞಾನ ಸಂಘಗಳೂ ಕನ್ನಡ ವಿಭಾಗಗಳೂ ಒಂದು ಬೇಸಗೆಯ ರಜೆಯಲ್ಲಿ ಕೂಡಿ ಕುಳಿತರೆ ಮೊದಲ ಐನೂರನ್ನು ಬರೆದು ಮುಗಿಸಬಹುದೆಂದು ನಮ್ಮ ಅಂದಾಜು.