ಎರಡನೆಯ ಸಲವೂ ಹೋದ ಮಂಜುನಾಥ್

ಸೋಸುಕಾಗದದ ಮೇಲೆ ಪೆಟ್ರೋಲಿನ ಹನಿ ಬಿಟ್ಟರೆ ಎರಡು ನಿಮಿಷದಲ್ಲಿ ಆರುತ್ತದೆ, ಎಣ್ಣೆಕಲೆ ಉಳಿಯದು. ಸೀಮೆಎಣ್ಣೆ ಬೆರೆತಿದ್ದರೆ ಕಲೆ ನಿಲ್ಲುತ್ತದೆ, ಸಾಂದ್ರತೆಯೂ ಏರುತ್ತದೆ. ಕಲ್ಲೂರಿನ ಪ್ರೌಢಶಾಲೆ ವಿದ್ಯಾರ್ಥಿಗೂ ಸುಲಭವಾಗಿ ಅರ್ಥವಾಗುವ ಸಂಗತಿ. ಬಂಕಿನಲ್ಲಿ ಗ್ರಾಹಕರು ಕೇಳಿದರೆ ಈ ಕಾಗದ ಕೊಡಬೇಕು. ಕೇಳುವವರು ಎಷ್ಟು ಮಂದಿ?

ಕೇಳುವುದೇ ಕೆಲಸವಾಗಿದ್ದ ಒಬ್ಬ ಯುವಕ ಷಣ್ಮುಗಂ ಮಂಜುನಾಥ್. 1978ರಲ್ಲಿ ಕೋಲಾರ ಚಿನ್ನದ ಗಣಿಯ ಊರಿನಲ್ಲಿ ಜನನ. ಮೈಸೂರಿನಲ್ಲಿ ಎಂಜಿನಿಯರಿಂಗ್, ಲಖನೌ ಐ.ಐ.ಎಂ.ನಲ್ಲಿ ಮ್ಯಾನೇಜ್‌ಮೆಂಟ್ ಓದು. ಬಳಿಕ ಇಂಡಿಯನ್ ಆಯಿಲ್‌ನ ಮಾರಾಟ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಗೆ ಹೋದರು. ಬಂಕುಗಳ ತಪಾಸಣೆ ಅವರ ಹೊಣೆ. ಸಹಾಯಧನದ ಸೀಮೆಎಣ್ಣೆ ಆಗ ಬಹಳ ಅಗ್ಗ; ಬೆರೆಸಿದವನಿಗೆ ಲೀಟರು ಲೀಟರಿಗೂ ಲಾಭ, ವಾಹನದ ಎಂಜಿನ್ನಿಗೆ ಹಾನಿ.

ಕಲಬೆರಕೆ ಕಂಡ ಬಂಕಿನ ಮಾರಾಟವನ್ನು ಮಂಜುನಾಥ್ ನಿಲ್ಲಿಸಿದರು. ಅದು ಮತ್ತೆ ತೆರೆಯಿತು. ಅಲ್ಲಿಗೆ ಸುಮ್ಮನಾಗಿದ್ದರೆ ಯಾರೂ ಅವರನ್ನು ತಪ್ಪೆನ್ನುತ್ತಿರಲಿಲ್ಲ. ಅವರು ಮತ್ತೆ ತಪಾಸಣೆಗೆ ಹೋದರು. 2005ರ ನವೆಂಬರ್ 19ರಂದು ಗೋಲಾ ಗೋಕರಣನಾಥದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಶವ ಅವರದೇ ಕಾರಿನಲ್ಲಿ ಸಿಕ್ಕಿತು. ವಯಸ್ಸು 27.

ಐ.ಐ.ಎಂ. ಹಳೆಯ ವಿದ್ಯಾರ್ಥಿಗಳು ಅವರ ಹೆಸರಿನಲ್ಲಿ ಟ್ರಸ್ಟ್ ಕಟ್ಟಿ ಮೊಕದ್ದಮೆಯ ಬೆನ್ನು ಬಿಡಲಿಲ್ಲ. ಸೆಷನ್ಸ್ ನ್ಯಾಯಾಲಯ 2007ರಲ್ಲಿ ಬಂಕ್ ಮಾಲೀಕನ ಮಗನಿಗೆ ಮರಣದಂಡನೆ ವಿಧಿಸಿತು. 2009ರಲ್ಲಿ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು. ಒಂಬತ್ತು ವರ್ಷಕ್ಕೂ ಹೆಚ್ಚಿನ ಸುತ್ತಾಟದ ನಂತರ, 2015ರ ಮಾರ್ಚ್‌ನಲ್ಲಿ, ಸುಪ್ರೀಂ ಕೋರ್ಟ್ ಆರು ಮಂದಿಯ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು.